ಮಾವಾರ ಸೈಕಲ್ಲಿಗೆ ಗೇರ್ ಹಾಕಿಸಿದ್ದು

ಚಿಕ್ಕೋಡ್ಯಾಗ ನಾ ಎದುರಿಗೆ ಸಿಕ್ರ ಮಂದಿ "ಮಾಸ್ತರ, ಸೈಕಲ್ ಹೆಂಗೈತಿ?" ಅಂತ ಮೊದಲ ಕೇಳ್ತಾರ. ನಾ ಹೆಂಗದೀನಿ ಅನ್ನೂದು ಆಮ್ಯಾಲ. ತಪ್ಪು ಅವರದಲ್ಲ ಬಿಡ್ರಿ. ಆ ಸೈಕಲ್ ಹತ್ತಿ ಹೊರಗ ಬಿದ್ದೆ ಅಂದ್ರ ಏನಾರ ಒಂದು ಆಗೂದ, ಸಂಜಿ ಆಗೂದ್ರಾಗ ಅದು ಊರಿಗೆಲ್ಲಾ ಗೊತ್ತಾಗೂದ.

೧. ಮಾತು ಕೊಟ್ಟೆ

ಸೈಕಲ್ ನಮ್ಮ ಮಾವಾರದು. ನಿಪ್ಪಾಣಿ ಹತ್ರ ಅಕ್ಕೋಳದಾಗ ಹೊಲಾ ಮಾಡಕೊಂಡಿರೋ ಮನಶ್ಯಾ, ವಯಸಿನ್ಯಾಗ ಸೈಕಲ್ ರೇಸ್ ಹೊಡೀತಿದ್ರು. ಸೈಕಲ್ಲು ಅಪ್ಪಟ ಸ್ಟೀಲಿಂದು, ಹಸರು ಬಣ್ಣ, ಟಗರಿನ ಕೊಂಬಿನಂಗ ಬಾಗಿದ ಹ್ಯಾಂಡಲ್ಲು, ಚರ್ಮದ ಸೀಟು. ಮೊಣಕಾಲು ನೋವು ಸುರುವಾದ ಮ್ಯಾಲ ಅದನ್ನ ನನಗ ಕೊಟ್ರು.

"ಅಳಿಯಂದ್ರ, ಮಗಳನ್ನ ಕೊಡುವಾಗ ನಾ ಏನೂ ಹೇಳಿದ್ದಿಲ್ಲ. ಇದನ್ನ ಕೊಡುವಾಗ ಹೇಳ್ತೀನಿ. ಒಂದು ನಟ್ಟೂ ಬದಲಾಗಬಾರದು."

"ಆಗೂದಿಲ್ರಿ ಮಾವಾರ," ಅಂದೆ.

ಸುಮ್ಮನ ಅಂದಿದ್ದಲ್ಲ, ಹೆದರಿ ಅಂದಿದ್ದು. ಅವರ ಹಳೇ ರೇಡಿಯೋಕ್ಕ ಹಿರೇ ಅಳಿಯ ಹೊಸಾ ಗುಂಡಿ ಹಾಕಿಸಿದ್ದಕ್ಕ ಎರಡು ದೀಪಾವಳಿಗೆ ಅವನ್ನ ಕರೀಲಿಲ್ಲ. ದೀಪಾವಳಿಗೆ ಕರೀಲಿಲ್ಲ ಅಂದ್ರ ನಮ್ಮ ಕಡೆ ಅಳಿಯ ಊರಾಗ ಮಾರಿ ಎತ್ತಿ ತಿರುಗಂಗಿಲ್ಲ. ಹಿರೇ ಅಳಿಯನೂ ಆ ಎರಡು ವರ್ಷ "ನನಗ ಸಿಹಿ ಆಗಿಬರೂದಿಲ್ರಿ" ಅಂತ ಹೇಳಕೋಂತ ತಿರುಗಿದ.

೨. ಮಾತು ಮುರಿದೆ

ನಮ್ಮೂರಾಗ ಮುಂಜಾನೆ ಸೈಕಲ್ ಹೊಡಿಯೋರದೊಂದು ಗುಂಪೈತಿ. ಎಲ್ಲಾರವೂ ಗೇರಿನ ಸೈಕಲ್ಲು. ಅಂಕಲಿ ಹೊಳಿ ತನಕ ಹೋಗಿ ಬರತಾರ. ನಾ ಇನ್ನೂ ಅರ್ಧ ದಾರ್‍ಯಾಗ ತುಳಿಯಾಕತ್ತಿರತಿದ್ದೆ, ಅವರು ಹೊಳಿ ನೋಡಿ ತಿರುಗಿ ಬರತಿದ್ರು. ಎದುರಿಗೆ ಸಿಕ್ಕು "ನಮಸ್ಕಾರ ಸರ್" ಅಂತಿದ್ರು. ದಿನಾ ಈ ನಮಸ್ಕಾರ ತಗೊಂಡು ತಗೊಂಡು ನನಗ ತಲಿ ಕೆಟ್ಟುಹೋತು.

ಬಸ್‌ಸ್ಟ್ಯಾಂಡಿನ ಬಾಜೂಕ ಸೈಕಲ್ ರಿಪೇರಿ ಚಾಚಾ ಅದಾರ. ಅವರ ಅಂಗಡಿಗೆ ಸೈಕಲ್ ಒಯ್ದು, "ಚಾಚಾ, ಫ್ರೇಮ್ ಅಷ್ಟ ಇದು ಇರಲಿ. ಉಳಿದದ್ದೆಲ್ಲಾ ಹೊಸಾದು ಹಾಕ್ರಿ. ಬಣ್ಣಾನೂ ಕರೇದು ಹೊಡೀರಿ," ಅಂದೆ.

"ಬಿಚ್ಚಿದ್ದನ್ನೆಲ್ಲಾ ಏನ್ ಮಾಡ್ಲಿ?"

"ಗುಜರಿಗೆ ಹಾಕ್ರಿ."

ಚಾಚಾ ನನ್ನ ಮಾರಿ ಒಮ್ಮಿ ನೋಡಿ ಸೀಟ್ ಬಿಚ್ಚಾಕ ಹತ್ತಿದ್ರು.

ಹೊಸಾ ಗಾಲಿ ಬಂತು. ಆದ್ರ ಹಿಂದಿನ ಗಾಲಿ ಫ್ರೇಮಿನ್ಯಾಗ ಹಿಡೀವಲ್ದು. ಗೇರಿನ ಹಲ್ಲು ಕೂಡಿ ಅದು ಅರ್ಧ ಬೆರಳಿನಷ್ಟು ಅಗಲ ಹೆಚ್ಚಿತ್ತು. ಚಾಚಾ ಫ್ರೇಮಿನ ನಡುವ ಒಂದು ಉದ್ದನ್ನ ಬೋಲ್ಟ್ ಇಟ್ಟು, ನಟ್ ತಿರುವಿ ತಿರುವಿ ಹಿಂದಿನ ಗಾಲಿ ಹಿಡಿಯೋ ಎರಡೂ ಕಾಲು ಅಗಲ ಮಾಡಾಕ ಹತ್ತಿದ್ರು. ನೋಡಾಕ ಮಂದಿ ಕೂಡಿತು. ಕಬ್ಬಿನ ಟ್ರ್ಯಾಕ್ಟರಿನ ಡ್ರೈವರ್ ಒಬ್ಬ ಗಾಡಿ ನಿಲ್ಲಿಸಿ ಇಳಿದು ಬಂದ. "ಚಾಚಾ, ಒಂದು ಕಾಲು ಗಿಡಕ್ಕ ಕಟ್ರಿ, ಇನ್ನೊಂದು ನನ್ನ ಟ್ರ್ಯಾಕ್ಟರಿಗೆ ಕಟ್ರಿ. ಎರಡ ಮಿನಿಟಿನ ಕೆಲಸ," ಅಂದ.

ಅಷ್ಟರಾಗ ಫ್ರೇಮು ಕಿರ್ ಅಂತು. ನಾ ಕಣ್ಣು ಮುಚ್ಚಿಕೊಂಡು "ಅಯ್ಯೋ ಮಾವಾರ!" ಅಂತ ಚೀರಿದೆ.

ಚಾಚಾ ನಟ್ ಬಿಟ್ಟು ತಿರುಗಿ ನೋಡಿದ್ರು. "ಮಾಸ್ತರ, ನಾ ಹಿಗ್ಗಿಸಾಕತ್ತಿದ್ದು ಸೈಕಲ್ಲು. ನೀವ್ಯಾಕ ಒದರತೀರಿ?"

೩. ಸ್ಟ್ಯಾಂಡ್ ಇಲ್ಲದ ಸೈಕಲ್ಲು

ಅಂತೂ ಹೊಸಾ ಗಾಲಿ ಕುಂತಿತು. ಸೈಕಲ್ ಹಗುರ ಆಗಲಿ ಅಂತ ಮಡ್‌ಗಾರ್ಡು, ಕ್ಯಾರಿಯರ್ರು, ಸ್ಟ್ಯಾಂಡು ಎಲ್ಲಾ ತಗಿಸಿಬಿಟ್ಟಿದ್ದೆ. ಒಂದಿನಾ ಅಂಕಲಿ ರಸ್ತಾದಾಗ ಸುಸ್ತಾಗಿ, ಸೈಕಲ್ಲನ್ನ ನೆಲಕ್ಕ ಮಲಗಿಸಿ, ನಾನೂ ಬೇವಿನ ಗಿಡದ ಬುಡಕ್ಕ ಕಾಲು ಚಾಚಿ ಅಡ್ಡಾದೆ. ಕಣ್ಣು ಹತ್ತಿತು.

ಎಚ್ಚರಾಗಿದ್ದು ಮಾರಿ ಮ್ಯಾಲ ಒಂದು ತಂಬಗಿ ನೀರು ಬಿದ್ದಾಗ. ಕಳೇ ತಗಿಯಾಕ ಹೊಂಟಿದ್ದ ಹೆಣ್ಣಮಕ್ಕಳು ಸುತ್ತ ನಿಂತಿದ್ರು. "ಉಸರೈತಿ ಬೇ, ಉಸರೈತಿ!" ಅಂತ ಒಬ್ಬಾಕಿ ಕೂಗಿದ್ಲು.

"ಏನೂ ಆಗಿಲ್ರಿ ಯವ್ವಾ. ಸೈಕಲ್ಲಿಗೆ ಸ್ಟ್ಯಾಂಡ್ ಇಲ್ಲ, ಅದಕ್ಕ ಮಲಗಿಸೀನಿ," ಅಂದೆ.

ಅವರಾಗ ಹಿರ್‍ಯಾಕಿ ಸೈಕಲ್ ನೋಡಿದ್ಲು, ನನ್ನ ನೋಡಿದ್ಲು, ಉಳಿದವರ ಕಡೆ ತಿರುಗಿದ್ಲು.

"ಇಷ್ಟು ಹೊಸಾ ಸೈಕಲ್ಲಿಗೆ ಸ್ಟ್ಯಾಂಡ್ ಇಲ್ಲಂದ್ರ ಹೆಂಗ? ಬಿದ್ದಾಗ ಮುರದೈತಿ. ಪಾಪ, ತಲಿಗೂ ಪೆಟ್ಟಾಗೈತಿ, ಇವಂಗ ನೆನಪಿಲ್ಲ."

ಇನ್ನೊಂದು ತಂಬಗಿ ಸುರುವಿದ್ರು.

೪. ಖಂಡೆ ಪೂಜಾ

ಖಂಡೆ ಪೂಜಾ, ಅಂದ್ರ ಆಯುಧ ಪೂಜಾದ ಹಿಂದಿನ ದಿನಾ ಮಾವಾರ ಫೋನು. "ಅಳಿಯಂದ್ರ, ಈ ಸಲ ನನ್ನ ಸೈಕಲ್ಲಿಗೆ ನಾನ ಕಾಯಿ ಒಡೀತೀನಿ. ನಾಳೆ ಮುಂಜಾನೆ ಬಸ್ಸಿಗೆ ಬರತೀನಿ."

ಹೋಗಿ ಹೆಂಡ್ತಿಗೆ ಹೇಳಿದೆ. ಹೆಂಡ್ತಿ ಸೊಂಟದ ಮ್ಯಾಲ ಕೈ ಇಟ್ಟಕೊಂಡು ನಿಂತ್ಲು. "ದೀಪಾವಳಿಗೆ ನನ್ನ ತವರಮನಿ ತಪ್ಪಿತು ಅಂದ್ರ, ನಿಮಗ ಉಂಡಿ ಅಲ್ಲ, ಆ ಗೇರಿನ ಹಲ್ಲ ತಿನ್ನಸ್ತೀನಿ," ಅಂದ್ಲು.

ಬೆಳಗಾಗೂದ ತಡಾ ಸೈಕಲ್ ತಗೊಂಡು ಚಾಚಾನ ಅಂಗಡಿಗೆ ಓಡಿದೆ. "ಚಾಚಾ, ಹಳೇವು ಎಲ್ಲಾ ತಿರುಗಿ ಹಾಕ್ರಿ. ಗುಜರಿಗೆ ಕೊಟ್ಟಿದ್ರ ಎಲ್ಲಿ ಕೊಟ್ಟೀರಿ ಹೇಳ್ರಿ, ಅವನ ಕಾಲು ಬೀಳ್ತೀನಿ."

ಚಾಚಾ ಗೋಡಿ ಕಡೆ ಕೈ ಮಾಡಿದ್ರು. ಅಲ್ಲೊಂದು ಕೆಂಪು ಸೈಕಲ್ ನಿಂತಿತ್ತು. ಅದಾ ಬಾಗಿದ ಹ್ಯಾಂಡಲ್ಲು, ಅದಾ ಚರ್ಮದ ಸೀಟು, ಅದಾ ಪೆಡಲ್ಲು. ತಮ್ಮ ಹಂತೇಕ ಬಿದ್ದಿದ್ದ ಅಂಥಾದ ಒಂದು ಹಳೇ ಫ್ರೇಮಿಗೆ ನಮ್ಮ ಮಾವಾರ ಸಾಮಾನೆಲ್ಲಾ ಹಾಕಿ ಕುಂದ್ರಿಸಿದ್ರು.

"ಗುಜರಿಗೆ ಹಾಕಾಕ ಮನಸಾಗಲಿಲ್ಲ ಮಾಸ್ತರ. ಮನಿಗೆ ಹೋಗಿ ಬರೂದು ಈಗ ಇದರ ಮ್ಯಾಲ."

"ಬಿಚ್ಚಿ ನನ್ನ ಫ್ರೇಮಿಗೆ ಹಾಕಾಕ ಎಷ್ಟೊತ್ತಾಗತೈತಿ?"

"ಸಂಜಿ ಆಗತೈತಿ."

ಅಷ್ಟರಾಗ ನಿಪ್ಪಾಣಿ ಬಸ್ ಬಂತು. ಬಿಳೇ ಟೊಪಿಗಿ, ಕೈಯಾಗ ಕಾಯಿ ಚೀಲ. ಮಾವಾರು ನನ್ನ ಕಂಡು ಸೀದಾ ಅಂಗಡಿಗೇ ಬಂದ್ರು. ನಾ ದೇವರನ್ನ ನೆನಸಿದೆ, ಹಿರೇ ಅಳಿಯನ್ನೂ ನೆನಸಿದೆ.

ಮಾವಾರು ನನ್ನ ಕರೇ ಸೈಕಲ್ ದಾಟಿ ಹೋಗಿ ಕೆಂಪು ಸೈಕಲ್ ಮುಂದ ನಿಂತ್ರು. ಸೀಟ್ ಒತ್ತಿ ನೋಡಿದ್ರು. ಹ್ಯಾಂಡಲ್ಲಿನ ಮ್ಯಾಲ ಕೈ ಆಡಿಸಿ ಒಂದು ತಗ್ಗಿನ ಹತ್ರ ಬೆರಳು ಇಟ್ರು. "ಇದು ನಾ ರಾಯಬಾಗ ರಸ್ತಾದಾಗ ಬಿದ್ದಾಗ ಆಗಿದ್ದು," ಅಂದ್ರು. ಕಣ್ಣಾಗ ನೀರು ಬಂದಿತ್ತು. ಎಲ್ಲಾ ಹೇಳಿಬಿಡಬೇಕಂತ ಬಾಯಿ ತಗದೆ. ಚಾಚಾ ನನ್ನ ಕಾಲು ತುಳಿದ್ರು.

"ಅಳಿಯಂದ್ರ," ಅಂದ್ರು ಮಾವಾರು, "ಬಣ್ಣ ಒಂದು ಹೊಡಿಸೀರಿ. ಹೋಗ್ಲಿ, ಅದನ್ನ ಹೊಟ್ಯಾಗ ಹಾಕ್ಕೋತೀನಿ. ಉಳಿದದ್ದು ಒಂದು ನಟ್ಟೂ ಬದಲಾಗಿಲ್ಲ. ಮಾತಿನ ಮನಶ್ಯಾ ನೀವು!"

ಕುಂಕುಮ ಹಚ್ಚಿ, ಕಾಯಿ ಒಡದು, ಆಮ್ಯಾಲ ಕರೇ ಸೈಕಲ್ಲಿನ ಕಡೆ ತಿರುಗಿದ್ರು. "ಇದ್ಯಾವ ಹುಚ್ಚಂದ್ರಿ ಚಾಚಾ? ಎಂಥಾ ಚಲೋ ಫ್ರೇಮು, ಲಗಾಡಿ ತಗದಾನಲ್ಲ!"

"ಯಾರೋ ಒಬ್ಬ ಮಾಸ್ತರಂದ್ರಿ," ಅಂದ್ರು ಚಾಚಾ.

"ಸಾಲ್ಯಾಗ ಹುಡುಗರಿಗೆ ಏನ್ ಕಲಸ್ತಾನೋ!"

"ಹೌದ್ರಿ ಮಾವಾರ," ಅಂದೆ ನಾ.

ಮಾವಾರು ಧೋತರ ಎತ್ತಿ ಕಟ್ಟಿ ಕೆಂಪು ಸೈಕಲ್ ಹತ್ತಿದ್ರು. "ಮೊಣಕಾಲು ಈಗ ಆರಾಮೈತಿ. ಟೆಂಪೋದಾಗ ಹಾಕ್ಕೊಂಡು ಇದನ್ನ ಅಕ್ಕೋಳಕ್ಕ ಒಯ್ತೀನಿ. ದೀಪಾವಳಿಗೆ ಇಬ್ಬರೂ ಬರ್ರಿ," ಅಂದು ನಮ್ಮ ಮನಿ ಕಡೆ ಹೊಂಟೇಬಿಟ್ರು.

ಚಾಚಾ ತಮ್ಮ ಸೈಕಲ್ ಮೂಲಿ ತಿರುಗೂ ತನಕ ನೋಡಕೋಂತ ನಿಂತ್ರು. ಆಮ್ಯಾಲ ಸಾವಕಾಶ ಕೇಳಿದ್ರು: "ಮಾಸ್ತರ, ಈಗ ನಾ ಮನಿಗೆ ಹೆಂಗ ಹೋಗ್ಲಿ?"

ಅವತ್ತಿನಿಂದ ಮುಂಜಾನೆ ಚಾಚಾನ್ನ ಅಂಗಡಿಗೆ ತರೂದು, ಸಂಜಿಗೆ ಮನಿಗೆ ಬಿಡೂದು ನನ್ನ ಕೆಲಸ. ಕ್ಯಾರಿಯರ್ ತಗಿಸಿದಾಂವ ನಾನ, ಅದಕ್ಕ ಅವರು ಮುಂದಿನ ಡಂಡಿ ಮ್ಯಾಲ ಕುಂದ್ರತಾರ. ಏರು ಬಂದ್ರ "ಗೇರ್ ಹಾಕ್ರಿ ಮಾಸ್ತರ" ಅಂತ ಹೇಳ್ತಾರ. ಅಂಕಲಿಗೆ ಹೋಗಿ ಬಂದ ಗುಂಪು ಈಗೂ ಎದುರಿಗೆ ಸಿಕ್ಕು "ನಮಸ್ಕಾರ ಸರ್" ಅಂತೈತಿ. ನಾ ಏದುಸರು ಬಿಡತಿರತೀನಿ. ಡಂಡಿ ಮ್ಯಾಲ ಕುಂತ ಚಾಚಾ ನನ್ನ ಬದಲಿ ಕೈ ಎತ್ತಿ ನಮಸ್ಕಾರ ತಗೋತಾರ.