ಮಾವನ ಕಾರಿನ ಕಿಟಕಿ ನೆಟ್ಟಗಾದದ್ದು

ನಮ್ಮ ಮನೆಯಲ್ಲಿ ನನಗಿಂತ ಹೆಚ್ಚು ಮರ್ಯಾದೆ ಇರುವುದು ಒಂದು ಕಾರಿಗೆ. ಅದಕ್ಕೇ ಅಂತ ಒಂದು ಶೆಡ್ಡು ಇದೆ. ಅದು ಕೆಮ್ಮಿದರೆ ಮನೆಮಂದಿಯೆಲ್ಲ ಹೊರಗೆ ಬಂದು ನೋಡುತ್ತಾರೆ. ನಾನು ಕೆಮ್ಮಿದರೆ ಟಿವಿಯ ಸದ್ದು ಜಾಸ್ತಿ ಮಾಡುತ್ತಾರೆ. ಇದರ ಬಗ್ಗೆ ನನಗೆ ಹೊಟ್ಟೆಯುರಿ ಇಲ್ಲ. ಬೇಸರ ಇದೆ, ಅಷ್ಟೆ.

ಕಾರು ನನ್ನ ಮಾವನದು. ಮಾವ ಹೋದ ಮೇಲೆ ಅತ್ತೆಯೂ ಕಾರೂ ಒಟ್ಟಿಗೇ ನಮ್ಮ ಮನೆಗೆ ಬಂದರು. ಕಾರು ಶೆಡ್ಡಿನಲ್ಲಿ ಕೂತಿತು, ಅತ್ತೆ ಮುಂದಿನ ಕೋಣೆಯ ಕುರ್ಚಿಯಲ್ಲಿ ಕೂತರು. ಇಬ್ಬರಲ್ಲಿ ಹೆಚ್ಚು ಓಡಾಡುತ್ತಿದ್ದದ್ದು ಕಾರು. ಅದರಲ್ಲಿ ನಾನು ದಿನವೂ ಕೆಲಸಕ್ಕೆ ಹೋಗಿಬರುತ್ತಿದ್ದೆ. ಅತ್ತೆ ಮಾತ್ರ ಬೆಳಗ್ಗೆ ಕೂತರೆ ಸಂಜೆಯವರೆಗೂ ಗೋಡೆ ನೋಡುತ್ತಿದ್ದರು. ಹೀಗೇ ಕೂತರೆ ಕಾಲು ಹಿಡಿದುಕೊಂಡು ಆಮೇಲೆ ಏಳುವುದೇ ಆಗುವುದಿಲ್ಲ ಎಂದು ಡಾಕ್ಟರು ಎಚ್ಚರಿಸಿದ್ದರು. ನನ್ನ ಹೆಂಡತಿ ಅವತ್ತಿನಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಅತ್ತೆ ಏಳುತ್ತಿದ್ದದ್ದು ದಿನಕ್ಕೆ ಒಂದೇ ಸಲ, ನಾನು ಸಂಜೆ ಮನೆಗೆ ಬರುವ ಹೊತ್ತಿಗೆ. ನಾನು ಗೇಟು ತೆಗೆಯುವಷ್ಟರಲ್ಲಿ ಒಲೆಯ ಮೇಲೆ ನೀರಿರುತ್ತಿತ್ತು. ಚಪ್ಪಲಿ ಬಿಡುವಷ್ಟರಲ್ಲಿ ಕಾಫಿ ಕೈಗೆ ಬರುತ್ತಿತ್ತು. ಹೆತ್ತ ಮಗಳು ಕರೆದರೂ ಏಳದ ಹೆಂಗಸು ಅಳಿಯನಿಗಾಗಿ ಏಳುತ್ತಾರಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ. (ಲೋಟ ಕೊಡುವಾಗ ಅವರು ನನ್ನ ಮುಖ ನೋಡದೆ ನನ್ನ ಹಿಂದಿದ್ದ ಬಾಗಿಲನ್ನು ನೋಡುತ್ತಿದ್ದರು. ಸಂಕೋಚ ಇರಬೇಕು ಎಂದುಕೊಂಡಿದ್ದೆ.)

ಇನ್ನು ಕಾರಿನ ವಿಚಾರ. ಅದು ಬಟ್ಟೆಯ ಚಾವಣಿಯ ಹಳೇ ಕಾರು. ಚಾವಣಿ ಹಿಂದಕ್ಕೆ ಮಡಚಿ ಆಕಾಶ ನೋಡುತ್ತಾ ಹೋಗಬಹುದು. ಆದರೆ ಮಾವ ಹಾಗೆ ಹೋದದ್ದನ್ನು ಕಂಡವರಿಲ್ಲ. ಕೂದಲು ಕೆದರುತ್ತದೆ ಎಂದು ಕೊನೆಯವರೆಗೂ ಮುಚ್ಚಿಕೊಂಡೇ ಓಡಿಸಿದರು. (ಅವರ ತಲೆಯಲ್ಲಿ ಕೂದಲಿರಲಿಲ್ಲ ಎನ್ನುವುದು ಬೇರೆ ಮಾತು.) ಇಂಥ ಕಾರಿನ ಕಿಟಕಿಗೆ ಸುತ್ತ ಚೌಕಟ್ಟು ಇರುವುದಿಲ್ಲ. ಹಿಡಿಕೆ ತಿರುಗಿಸಿದರೆ ಬರೀ ಗಾಜು ಮೇಲೆದ್ದು ಬಂದು ಚಾವಣಿಯ ಅಂಚಿನ ರಬ್ಬರಿಗೆ ಒತ್ತಿ ನಿಲ್ಲಬೇಕು. ನಮ್ಮ ಕಾರಿನ ಬಲಗಡೆ ಗಾಜು ಹೊರಕ್ಕೆ ವಾಲಿತ್ತು. ಎಡಗಡೆಯದು ಹಿಂದಿನ ಮೂಲೆಯಲ್ಲಿ ಬೆರಳು ತೂರುವಷ್ಟು ಕೆಳಗೇ ನಿಂತುಬಿಡುತ್ತಿತ್ತು. ಮಳೆ ಬಂದರೆ ಆ ಸಂದಿಯಿಂದ ನೀರು, ಗಾಳಿ ಬಂದರೆ ಸಿಳ್ಳೆ. ಕಾರು ನಮ್ಮ ಬೀದಿಯ ತಿರುವಿಗೆ ಬಂದಾಗಲಂತೂ ಯಾರೋ ಪೋಲಿ ಹುಡುಗ ಊದಿದ ಹಾಗೆ ಉದ್ದಕ್ಕೆ ಊದುತ್ತಿತ್ತು.

ಒಂದು ಭಾನುವಾರ. ಹೆಂಡತಿ ತಾಯಿಯ ಮುಂದೆ ಕೂತು ಗೋಗರೆಯುತ್ತಿದ್ದಳು.

"ಅಮ್ಮಾ, ಕಾರಲ್ಲಿ ಒಂದು ಸುತ್ತು ಹೋಗಿಬರೋಣ ಬಾ."

"ಬೇಡ. ಆ ಕಾರು ಸೋರುತ್ತೆ. ಭುಜ ನೆನೆಯುತ್ತೆ."

"ಮಳೆ ಎಲ್ಲಿದೆ ಈಗ?"

"ಬಂದ್ರೆ?"

ಹೆಂಡತಿ ಎದ್ದು ನನ್ನ ಕಡೆ ತಿರುಗಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು. ತಪ್ಪು ಯಾರದೇ ಇರಲಿ, ಅದು ಬಂದು ನಿಲ್ಲುವ ಜಾಗ ನಾನು.

"ಆ ಕಿಟಕಿ ಸರಿ ಮಾಡಿಸೋಕೆ ನಿಮಗೇನು ಕಷ್ಟ?"

"ಗ್ಯಾರೇಜಿನವನಿಗೆ ತೋರಿಸಿದೆನಲ್ಲ. ಮ್ಯೂಸಿಯಮ್ಮಿಗೆ ಕೊಡಿ ಅಂದ."

"ಕಾರನ್ನೋ, ನಿಮ್ಮನ್ನೋ?"

ಇಷ್ಟಾದ ಮೇಲೆ ಗಂಡಸಾದವನಿಗೆ ಸುಮ್ಮನಿರಲಾಗುತ್ತದೆಯೇ? ನಾನೇ ಮಾಡುತ್ತೇನೆ ಎಂದುಬಿಟ್ಟೆ. ಆ ಧೈರ್ಯಕ್ಕೆ ಸ್ವಲ್ಪ ಕಾರಣವೂ ಇತ್ತು. ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಸಾಲು ಓರೆಯಾಗಿದ್ದರೆ, ಅಂಚು ಕೂದಲೆಳೆಯಷ್ಟು ಸರಿದಿದ್ದರೆ ನನಗೆ ಊಟ ಸೇರುವುದಿಲ್ಲ. ಅರ್ಥವಿಲ್ಲದ್ದು ಕಂಡರೆ ಹೊಡೆದುಹಾಕುವುದು ನನ್ನ ವೃತ್ತಿಧರ್ಮ.

ಮೊದಲು ಬಲಗಡೆ ಬಾಗಿಲಿನ ಒಳಹೊದಿಕೆ ಬಿಚ್ಚಿದೆ. ಒಳಗೆ ಒಂದು ಜೇಡರ ಬಲೆ, ಸಡಿಲವಾದ ಬೋಲ್ಟುಗಳು, ಬೇರೇನೂ ಇಲ್ಲ. ಗಾಜನ್ನು ಒಳಕ್ಕೆ ವಾಲಿಸಿ ಬೋಲ್ಟು ಬಿಗಿದೆ. ಎಡಗಡೆ ಬಾಗಿಲು ಬಿಚ್ಚಿದಾಗ ಒಂದು ವಿಚಿತ್ರ ಕಂಡಿತು. ಗಾಜು ಎಷ್ಟು ಮೇಲೇರಬೇಕೆಂದು ತಡೆಯುವ ಒಂದು ಕಬ್ಬಿಣದ ತುಂಡು ಇರುತ್ತದೆ. ಅದರ ಹಿಂದಿನ ಬದಿಗೆ ಹಳೇ ಚಪ್ಪಲಿಯ ಹಿಮ್ಮಡಿಯ ತುಂಡೊಂದನ್ನು ಯಾರೋ ತುರುಕಿದ್ದರು. ಒಂದು ಕಡೆ ದಪ್ಪ, ಇನ್ನೊಂದು ಕಡೆ ಸವೆದು ತೆಳ್ಳಗೆ. ಅಲ್ಲಿ ಅದಕ್ಕೇನು ಕೆಲಸ? ಅರ್ಥವಾಗಲಿಲ್ಲ. ಆದ್ದರಿಂದ ಕಿತ್ತು ಕಸದ ಬುಟ್ಟಿಗೆ ಎಸೆದೆ.

ಗಾಜು ಸರಸರನೆ ಮೇಲೇರಿ ರಬ್ಬರಿಗೆ ಕೂತಿತು. ನಾನು ಕರಡಿನ ಕಾಗದದ ಪಟ್ಟಿಗಳನ್ನು ಗಾಜಿಗೂ ರಬ್ಬರಿಗೂ ನಡುವೆ ಸಿಕ್ಕಿಸಿ ಒಂದೊಂದಾಗಿ ಎಳೆದು ನೋಡಿದೆ. ಎಲ್ಲವೂ ಬಿಗಿ. ಕೊನೆಯ ಪರೀಕ್ಷೆಗೆ ನಾನು ಒಳಗೆ ಕೂತೆ, ಹೆಂಡತಿ ಹೊರಗಿನಿಂದ ಪೈಪಿನಲ್ಲಿ ನೀರು ಬಿಟ್ಟಳು. ಒಂದು ಹನಿಯೂ ಒಳಗೆ ಬರಲಿಲ್ಲ. ಗೆದ್ದೆನೆಂದು ನಾನು ಬಾಗಿಲು ತೆರೆದೆ. ಪೈಪು ನಿಲ್ಲಿಸಬೇಕೆಂಬುದು ಅವಳಿಗೆ ನಾನು ಪೂರ್ತಿ ನೆನೆದ ಮೇಲೆ ಹೊಳೆಯಿತು.

ಮಾರನೆಯ ದಿನ ಸಂಜೆ ನಾನು ಮನೆಗೆ ಬಂದಾಗ ಒಲೆಯ ಮೇಲೆ ನೀರಿರಲಿಲ್ಲ. ಕಾಫಿ ಬರಲಿಲ್ಲ. ಅತ್ತೆ ಕುರ್ಚಿಯಲ್ಲೇ ಇದ್ದರು.

"ನೀವು ಬಂದಿದ್ದು ಗೊತ್ತೇ ಆಗ್ಲಿಲ್ಲ, ಅಳಿಯಂದಿರೇ," ಅಂದರು.

ಅದರ ಮಾರನೆಯ ದಿನವೂ ಹಾಗೇ. ಆಮೇಲೆ ಅವರು ಸಂಜೆಯಾದರೂ ಏಳುವುದನ್ನೇ ಬಿಟ್ಟರು. ಹೆಂಡತಿಯ ಮುಖ ಬಾಡಿತು. ಸೋರುವ ನೆಪ ಈಗ ಇಲ್ಲವಲ್ಲ ಎಂದು ಅವಳು ತಾಯಿಯನ್ನು ಹೇಗೋ ಎಬ್ಬಿಸಿ, ಕೈ ಹಿಡಿದು ಕರೆತಂದು ಕಾರಿನ ಎಡಗಡೆ ಸೀಟಿನಲ್ಲಿ ಕೂರಿಸಿ ತಾನು ಹಿಂದೆ ಕೂತಳು. ನಾನು ಬೀದಿಯಲ್ಲಿ ಒಂದು ಸುತ್ತು ಹಾಕಿದೆ. ಒಳಗೆ ಪ್ರೂಫ್ ರೂಮಿನಷ್ಟೇ ಮೌನ. ಹೊಗಳಿಕೆ ಬರಬಹುದೆಂದು ನಾನು ಕಿವಿ ನಿಮಿರಿಸಿಕೊಂಡಿದ್ದೆ. ತಿರುವು ಬಂತು, ಹೋಯಿತು.

"ಮನೆಗೆ ಹೋಗೋಣ," ಅಂದರು ಅತ್ತೆ. "ಇದು ನಮ್ಮ ಕಾರಲ್ಲ."

"ನಿಮ್ಮದೇ ಅತ್ತೆ. ಕಿಟಕಿ ಸರಿ ಮಾಡಿದೆ, ಅಷ್ಟೆ."

"ಒಳಗೊಂದು ಚಪ್ಪಲಿ ತುಂಡಿತ್ತಲ್ಲ, ಅದೆಲ್ಲಿ?"

ಬ್ರೇಕು ಹಾಕಿದೆ.

ಅತ್ತೆ ಗಾಜನ್ನು ನೋಡುತ್ತಲೇ ಹೇಳಿದರು. "ಬರೋವಾಗ ಹೇಳಿ ಬನ್ನಿ, ಕಾಫಿ ಆರಿಹೋಗುತ್ತೆ ಅಂತ ನಾನು ದಿನಾ ಜಗಳ ಮಾಡ್ತಿದ್ದೆ. ಹಾರ್ನ್ ಹೊಡೆಯೋದು ಮರ್ಯಾದಸ್ಥರ ಲಕ್ಷಣ ಅಲ್ಲ ಅಂತ ಅವರು. ಕೊನೆಗೆ ಒಂದಿನ ತಮ್ಮ ಚಪ್ಪಲೀನೇ ಕತ್ತರಿಸಿ ಈ ಬಾಗಿಲೊಳಗೆ ಇಟ್ರು. ಆಮೇಲಿಂದ ಆ ಮನೆ ಹತ್ತಿರದ ತಿರುವಲ್ಲೇ ಸಿಳ್ಳೆ ಕೇಳಿಸ್ತಿತ್ತು. ನಾನು ನೀರಿಡ್ತಿದ್ದೆ."

ಅಂದರೆ ಇಷ್ಟು ದಿನ ಅವರು ಎದ್ದದ್ದು ಅಳಿಯನಿಗಾಗಿ ಅಲ್ಲ, ಸಿಳ್ಳೆಗಾಗಿ. ನನ್ನ ಹೆಮ್ಮೆ ಅಲ್ಲೇ ಸೀಟಿನ ಕೆಳಗೆ ಬಿದ್ದುಹೋಯಿತು. ಅದಕ್ಕಿಂತ ಹೆಚ್ಚಾಗಿ, ನನಗೆ ನಿಜವಾಗಿಯೂ ದುಃಖವಾಯಿತು. ದಿನವೂ ಬಾಗಿಲ ಕಡೆ ನೋಡಿ, ಬಂದವನು ನಾನೆಂದು ಗೊತ್ತಾಗಿ, ಆದರೂ ಲೋಟವನ್ನು ನನ್ನ ಕೈಗೇ ಕೊಡುತ್ತಿದ್ದರಲ್ಲ.

ಮನೆಗೆ ಬಂದವನೇ ಕಸದ ಬುಟ್ಟಿಗೆ ಕೈ ಹಾಕಿದೆ. ಕಸದ ಗಾಡಿ ಯಾವಾಗಲೋ ಬಂದು ಹೋಗಿತ್ತು. ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು.

"ತೆಗೆಯೋ ಮುಂಚೆ ಒಂದು ಮಾತು ಕೇಳಬಾರದಿತ್ತಾ?"

"ಚಪ್ಪಲಿ ತುಂಡು ಕಂಡ್ರೆ ಯಾರು ಕೇಳ್ತಾರೆ?"

"ಅಪ್ಪನ ಒಂದು ಚಪ್ಪಲೀನೂ ಮನೇಲಿ ಉಳಿದಿಲ್ಲ. ಇದ್ದ ಒಂದು ತುಂಡನ್ನ ನೀವು ಹುಡುಕಿ ಹುಡುಕಿ ಎಸೆದ್ರಿ." ನಾನು ತಕ್ಷಣ ನನ್ನ ಹೊಸ ಚಪ್ಪಲಿಯ ಎಡಗಾಲಿನ ಹಿಮ್ಮಡಿ ಕತ್ತರಿಸಿದೆ. ಅಷ್ಟು ಹೊತ್ತು ಅಳು ತಡೆದಿದ್ದವಳು ಆಗ ನಿಜವಾಗಿ ಅತ್ತಳು. (ಅದು ಅವಳೇ ಕೊಡಿಸಿದ ಚಪ್ಪಲಿ.)

ನೆಟ್ಟಗಿದ್ದದ್ದನ್ನು ಸರಿಯಾದ ಅಳತೆಗೆ ಸೊಟ್ಟ ಮಾಡುವ ಕಷ್ಟ ನನ್ನ ಶತ್ರುವಿಗೂ ಬೇಡ. ಹೊಸ ತುಂಡು ಇಟ್ಟು ಕಾರು ಓಡಿಸಿದರೆ ಬುಸ್ಸೆಂಬ ಸದ್ದು ಬಂತು. ಕುರ್ಚಿಯಿಂದಲೇ ಕೇಳಿಸಿಕೊಂಡ ಅತ್ತೆ ತಲೆಯಾಡಿಸಿದರು. ತುಂಡನ್ನು ಕಲ್ಲಿಗೆ ಉಜ್ಜಿ ತೆಳ್ಳಗೆ ಮಾಡಿ ಇಟ್ಟೆ. ಈ ಸಲ ಮುದಿ ಬೆಕ್ಕು ನರಳಿದಂತಾಯಿತು.

"ಅದು ಉಜ್ಜಿದ್ರೆ ಆಗಲ್ಲ," ಅಂದರು ಅತ್ತೆ. "ಅವರು ಎಡಗಾಲು ಎಳೆದು ನಡೀತಿದ್ರು. ಹಿಮ್ಮಡಿ ಹೊರಗಡೆ ಅಂಚು ಸವೆದಿತ್ತು. ಹಾಗೆ ನಡೆದೇ ಸವೀಬೇಕು."

"ಸರಿ, ಇನ್ನೊಂದು ಜೊತೆ ತಂದು ನಡೆದುಬಿಡಿ ಅಂತೀರಾ?" ಎಂದು ನಾನು ತಮಾಷೆಗೆ ಕೇಳಿದೆ. ಅತ್ತೆ ತಮಾಷೆ ಮಾಡುವ ಸ್ಥಿತಿಯಲ್ಲಿರಲಿಲ್ಲ. ಹೆಂಡತಿ ಆಗಲೇ ಚೀಲ ಹಿಡಿದು ಅಂಗಡಿಗೆ ಹೊರಟಿದ್ದಳು.

ಹೀಗೆ ನನ್ನ ಪಾದಯಾತ್ರೆ ಶುರುವಾಯಿತು. ಮೊದಲ ಸಂಜೆ ನಾನು ಗೇಟಿನಿಂದ ವಿದ್ಯುತ್ ಕಂಬದವರೆಗೆ ಎಡಗಾಲು ಎಳೆದುಕೊಂಡು ಹೋದೆ. ಅತ್ತೆ ಕಿಟಕಿಯಿಂದ ನೋಡಿ, "ಹಾಗಲ್ಲ," ಅಂದರು. ಎರಡನೆಯ ಸಂಜೆ ಅವರು ಬಾಗಿಲಿಗೆ ಬಂದು ನಿಂತರು. ಆಮೇಲೆ ಗೇಟಿಗೆ. ಒಂದು ಸಂಜೆ ಹಿಂದಿನಿಂದ ಕೋಲಿನ ಟಕ್ ಟಕ್ ಕೇಳಿಸಿತು. ತಿರುಗಿ ನೋಡಿದರೆ ಅತ್ತೆ ಬೀದಿಯಲ್ಲಿದ್ದರು.

"ನಿಂತ್ಕೋಬೇಡಿ," ಅಂದರು. "ನೀವು ಕಾಲೆತ್ತಿ ಇಡ್ತೀರಿ. ಅವರು ಎತ್ತುತ್ತಲೇ ಇರ್ಲಿಲ್ಲ. ಎಳೀರಿ."

ಎಳೆದೆ. ಬೀದಿಯ ಜನ ನೋಡಿದರು. ಎದುರು ಮನೆಯ ದರ್ಜಿ ಹೊಲಿಗೆ ನಿಲ್ಲಿಸಿ, ಪಾರ್ಶ್ವವಾಯುವೇ ಎಂದು ನನ್ನ ಹೆಂಡತಿಯನ್ನು ವಿಚಾರಿಸಿದ. ಮುದ್ರಣಾಲಯದಲ್ಲೂ ಕಾಲು ಎಳೆಯುವ ಅಭ್ಯಾಸ ಬಿಡದ್ದನ್ನು ಕಂಡು ಯಜಮಾನರು ನನಗೆ ಮೆಟ್ಟಿಲಿಲ್ಲದ ಕೋಣೆ ಕೊಟ್ಟರು. ದಿನವೂ ನಾನು ಮುಂದೆ, ಅತ್ತೆ ಹಿಂದೆ. ಮೊದಮೊದಲು ಕಂಬದವರೆಗೆ, ಆಮೇಲೆ ಅಂಗಡಿಯವರೆಗೆ, ಕೊನೆಗೆ ಆ ತಿರುವಿನವರೆಗೂ. ಅಲ್ಲಿ ಅವರು ಸ್ವಲ್ಪ ಹೊತ್ತು ನಿಂತು ವಾಪಸು ತಿರುಗುತ್ತಿದ್ದರು.

ಅಂತೂ ಹಿಮ್ಮಡಿ ಸವೆಯಿತು. ಅತ್ತೆ ಬೆರಳಾಡಿಸಿ ನೋಡಿ ಒಪ್ಪಿದರು. ಕತ್ತರಿಸಿ ಬಾಗಿಲೊಳಗೆ ಇಟ್ಟೆ. ಮರುದಿನ ಸಂಜೆ ಕೆಲಸದಿಂದ ಬರುತ್ತಾ ತಿರುವಿನಲ್ಲಿ ಉಸಿರು ಬಿಗಿಹಿಡಿದೆ. ಕಾರು ಉದ್ದಕ್ಕೆ ಊದಿತು, ಮೊದಲಿನ ಹಾಗೇ. ಗೇಟು ತೆಗೆಯುವಷ್ಟರಲ್ಲಿ ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಯಿತು. ಅತ್ತೆ ಕಾಫಿ ತಂದರು. ಮೊದಲು ಬಾಗಿಲ ಕಡೆ ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

"ಕಾಲು ನೋಯ್ತಿದೆಯಾ?" ಅಂದರು.

"ಇಲ್ಲ ಅತ್ತೆ," ಅಂದೆ. ನೋಯುತ್ತಿತ್ತು. ಮಳೆಗಾಲ ಬಂದರೆ ಆ ಸೀಟು ಮತ್ತೆ ನೆನೆಯುತ್ತದೆ ಎಂದೂ ಗೊತ್ತಿತ್ತು. ಆದರೂ ಇವತ್ತಿಗೆ ನನ್ನ ಕರ್ಮ ಮುಗಿಯಿತು, ಇನ್ನು ಸಂಜೆ ಕಾಲು ಚಾಚಿ ಪೇಪರು ಓದಬಹುದು ಎಂದುಕೊಂಡೆ.

ಮಾರನೆಯ ಸಂಜೆ ಕಾಫಿ ಕುಡಿದು ಲೋಟ ಕೆಳಗಿಟ್ಟೆ. ಅತ್ತೆ ಕೋಲು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಪಕ್ಕದಲ್ಲಿ ಇನ್ನೊಂದು ಹೊಸ ಜೊತೆ ಚಪ್ಪಲಿ.

"ಬಲಗಡೆ ಕಿಟಕಿಯೊಳಗೂ ಒಂದು ತುಂಡಿತ್ತಲ್ಲ, ಅಳಿಯಂದಿರೇ," ಅಂದರು, ಎತ್ತಲೋ ನೋಡುತ್ತಾ. "ಅದೂ ಸವೀಬೇಕಲ್ಲ."

ಬಲಗಡೆ ಬಾಗಿಲು ಬಿಚ್ಚಿದವನು ನಾನು. ಜೇಡರ ಬಲೆ, ಸಡಿಲ ಬೋಲ್ಟು, ಬೇರೇನೂ ಇರಲಿಲ್ಲ. ತಪ್ಪನ್ನು ತಪ್ಪೆಂದು ಹೇಳುವುದೇ ನನ್ನ ಹೊಟ್ಟೆಪಾಡು. ಬಾಯಿ ತೆರೆದೆ. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು.

ಬಾಯಿ ಮುಚ್ಚಿ ಚಪ್ಪಲಿ ಮೆಟ್ಟಿಕೊಂಡೆ.

"ಈ ಸಲ ಬಲಗಾಲು ಎಳೀಬೇಕೇನು ಅತ್ತೆ?"

"ಹೌದು," ಅಂದರು ಅತ್ತೆ, ಆಗಲೇ ಮೆಟ್ಟಿಲಿಳಿಯುತ್ತಾ. "ಎಡಗಾಲಿನ ಅಭ್ಯಾಸ ಬಿಡೋಕಾಗದಿದ್ರೆ ಅದನ್ನೂ ಎಳೀರಿ. ಅವಸರ ಏನಿಲ್ಲ."