ಮಿಕ್ಸಿ ರಿಪೇರಿಯವನ ಸುವಾರ್ತೆ

"ಒಬ್ಬರಿಗೆ. ಬರೀ ಒಬ್ಬರಿಗೆ ಯೇಸುವಿನ ವಿಷಯ ಹೇಳಿ ಬಾ" ಎಂದು ಪಾಸ್ಟರು ಹೇಳಿದ್ದೇ ಮಿಕ್ಸಿ ರಿಪೇರಿಯವನ ಸಂಕಟಕ್ಕೆ ಮೂಲ. ವಾರವಾರ ಸಂಜೆಯ ಸಭೆಯಲ್ಲಿ ಎಲ್ಲರೂ ಎದ್ದು, ಯಾರಿಗೆ ಏನು ಹೇಳಿದೆವೆಂದು ಸಾಕ್ಷಿ ಕೊಡುತ್ತಿದ್ದರು. ಇವನು ಮಾತ್ರ ಮೂರು ತಿಂಗಳಿಂದ "ಮುಂದಿನ ವಾರ" ಎಂದು ಕೂತುಬಿಡುತ್ತಿದ್ದ. ಸತ್ತ ಮೋಟಾರಿಗೆ ಜೀವ ತುಂಬುವವನಿಗೆ ಮನುಷ್ಯರ ಮುಂದೆ ನಾಲಿಗೆಯ ಫ್ಯೂಸೇ ಹೋಗುತ್ತಿತ್ತು.

"ಇವತ್ತೂ ತಲೆ ಕೆರ್ಕೊಂಡು ನಿಂತ್ರೆ ನೀವ್ಯಾರೋ ನಾನ್ಯಾರೋ" ಎಂದಳು ಹೆಂಡತಿ.

ಪಾಸ್ಟರು ತಾವೇ ಪಕ್ಕದ ಬೀದಿಯ ನಿವೃತ್ತ ಟೀಚರಮ್ಮನ ಮನೆ ತೋರಿಸಿಕೊಟ್ಟಿದ್ದರು. ಹತ್ತು ಗಂಟೆಗೆ ಹೋಗಿ ಬಾಗಿಲು ತಟ್ಟಿದ.

"ಟೀಚರಮ್ಮ, ನಿಮಗೊಂದು ಮಾತು ಹೇಳ್ಬೇಕಿತ್ತು."

"ಹೇಳಪ್ಪ. ಹಾಗೇ ಆ ಫ್ಯಾನು ಯಾಕೆ ಕಿರ್ರ್ ಅನ್ನುತ್ತೆ ನೋಡ್ತೀಯಾ?"

ಇವನಿಗೆ ಹೋದ ಉಸಿರು ಬಂದಂತಾಯಿತು. ಸ್ಟೂಲು ಹತ್ತಿದ. ಫ್ಯಾನು ಸರಿಮಾಡಿ, ಕೆಳಗಿಳಿದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮೇಲಿನ ಮನೆಯ ದರ್ಜಿ ಇಸ್ತ್ರಿಪೆಟ್ಟಿಗೆ ಹಿಡಿದು ಬಂದ. ಅವನ ಹಿಂದೆಯೇ ಎದುರುಮನೆಯ ನರ್ಸಮ್ಮ, ಕಂಕುಳಲ್ಲಿ ಮಿಕ್ಸಿ.

"ಏನೋ ಹೇಳ್ಬೇಕು ಅಂದ್ಯಲ್ಲಪ್ಪ?" ಎಂದರು ಟೀಚರಮ್ಮ.

"ಅದೇ... ಈ ಇಸ್ತ್ರಿಪೆಟ್ಟಿಗೆ ವೈರು ಸುಟ್ಟಿದೆ."

ದರ್ಜಿಗೆ ತಾಳ್ಮೆ ಕಡಿಮೆ. ಇನ್ನೂ ಬಿಚ್ಚಿಟ್ಟಿದ್ದ ಇಸ್ತ್ರಿಪೆಟ್ಟಿಗೆಯನ್ನೇ ಎತ್ತಿ ಪ್ಲಗ್ಗಿಗೆ ಸಿಕ್ಕಿಸಿ ನೋಡಿದ. ಢಬ್ ಎಂದಿತು. ಇಡೀ ಕಟ್ಟಡದ ಕರೆಂಟು ಹೋಯಿತು.

ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಕೆಳಮನೆಯ ಲಾರಿ ಡ್ರೈವರು, ನಿದ್ದೆಗೆಟ್ಟ ಕರಡಿಯಂತೆ ಮೆಟ್ಟಿಲು ಹತ್ತಿ ಬಂದ. ದರ್ಜಿಯ ಬೆರಳು ನೇರ ರಿಪೇರಿಯವನ ಕಡೆ ಹೋಯಿತು. ಡ್ರೈವರು ಬಾಯಿಗೆ ಬಂದಂತೆ ಬೈದ. ಇವನು ಎಲ್ಲ ಕೇಳಿಸಿಕೊಂಡು, "ನಿದ್ದೆ ಹಾಳಾಯ್ತು ಸಾರ್, ಬೇಜಾರಾಗ್ಬೇಡಿ, ಮೊದಲು ನಿಮ್ಮನೆ ಕರೆಂಟೇ ಸರಿಮಾಡ್ತೀನಿ" ಎಂದ. ದರ್ಜಿಯ ಹೆಸರೆತ್ತಲಿಲ್ಲ. ದರ್ಜಿ ನೆಲ ನೋಡುತ್ತ ನಿಂತ.

ಸುಟ್ಟ ವೈರೆಲ್ಲ ಬದಲಿಸುವಷ್ಟರಲ್ಲಿ ಸಂಜೆಯಾಗಿತ್ತು. ಸಭೆಗೆ ಓಡಿದ. ಅಂಗಿಯ ತುಂಬ ಮಸಿ, ಬಾಯಲ್ಲಿ ಅದೇ ಹೇಳದ ಮಾತು.

"ಇವತ್ತೂ ಹೇಳೋಕಾಗ್ಲಿಲ್ಲ" ಎಂದು ಎದ್ದು ಒಪ್ಪಿಕೊಂಡ. "ಟೀಚರಮ್ಮನ ಮನೇಲಿ ಇಡೀ ದಿನ ಇದ್ದೆ. ಯೇಸು ಅನ್ನೋ ಹೆಸರೂ ಬಾಯಿಗೆ ಬರ್ಲಿಲ್ಲ."

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನೋಡಿದರೆ ಟೀಚರಮ್ಮ.

"ನಾನು ಬೆಳಗಿನ ಆರಾಧನೆಗೆ ಬರೋಕೆ ಶುರುಮಾಡಿ ಎರಡು ತಿಂಗಳಾಯ್ತಪ್ಪ. ಇವತ್ತು ನಿನ್ನ ಸಾಕ್ಷಿ ಕೇಳೋಕೆ ಅಂತ ಸಂಜೆಗೂ ಬಂದೆ" ಎಂದರು.

"ನಂಬಿದವರ ಹತ್ತಿರವಾದ್ರೂ ಅಭ್ಯಾಸ ಆಗ್ಲಿ ಅಂತ ಕಳಿಸಿದ್ದೆ. ಅಲ್ಲೂ ಆಗ್ಲಿಲ್ವಲ್ಲೋ" ಎಂದರು ಪಾಸ್ಟರು.

ಸಭೆಯೆಲ್ಲ ನಕ್ಕಿತು. ಇನ್ನು ತನ್ನನ್ನು ಯಾರೂ ಕಳಿಸಲಾರರೆಂದು ಇವನೂ ಹಗುರಾಗಿ ನಕ್ಕು ಕೂರಲು ಹೋದ.

ಆಗ ಬಾಗಿಲಲ್ಲಿ ಚಪ್ಪಲಿ ಸದ್ದು. ಡ್ರೈವರು, ನರ್ಸಮ್ಮ, ತಲೆ ತಗ್ಗಿಸಿದ ದರ್ಜಿ, ಅವರ ಹಿಂದೆ ಕಟ್ಟಡದ ಇನ್ನೂ ಏಳೆಂಟು ಜನ.

"ದರ್ಜಿ ಎಲ್ಲಾ ಹೇಳಿದ" ಎಂದ ಡ್ರೈವರು. "ಅಷ್ಟು ಬೈದ್ರೂ ಇವರು ಅವನ ಹೆಸರು ಹೇಳ್ಲಿಲ್ಲ. ಆ ತಾಳ್ಮೆ ಎಲ್ಲಿಂದ ಬಂತು ಅಂತ ಕೇಳೋಣ ಅಂತ ಇವರ ಹಿಂದೆಯೇ ಬಂದ್ವಿ."

ಪಾಸ್ಟರ ಮುಖ ಅರಳಿತು. "ಅದನ್ನ ನಾನು ಹೇಳಿದ್ರೆ ಚೆನ್ನಾಗಿರಲ್ಲ. ಅವನೇ ಹೇಳ್ತಾನೆ, ಕೂತ್ಕೊಳ್ಳಿ" ಎಂದು ಮೈಕನ್ನು ಇವನ ಕೈಗಿತ್ತರು.

ಎಲ್ಲರೂ ಇವನ ಬಾಯನ್ನೇ ನೋಡುತ್ತಿದ್ದರು. ಇವನು ಆಸೆಯಿಂದ ಮೈಕನ್ನು ಹಿಂದೆ ಮುಂದೆ ತಿರುಗಿಸಿ, ಕಿವಿಯ ಹತ್ತಿರ ಹಿಡಿದು ಅಲುಗಿಸಿ ನೋಡಿದ.

ಅದು ಒಂದಿಷ್ಟೂ ಕೆಟ್ಟಿರಲಿಲ್ಲ.