ತುಂಡಾದ ಡಿಎನ್‌ಎಯೂ ನನ್ನ ನೌಕರಿಯೂ

ಬುದ್ಧಿವಂತರ ಸುತ್ತ ಇಂಥವು ನಡೆಯುತ್ತಲೇ ಇರುತ್ತವೆ. ನನ್ನ ಸುತ್ತ ಸ್ವಲ್ಪ ಹೆಚ್ಚು. ತೊಂಬತ್ತರ ದಶಕದ ಕೊನೆಗೆ ಉಳವಿ ಕಡೆಯಿಂದ ಎಂಎಸ್ಸಿ ಮುಗಿಸಿದವನು ನಾನೊಬ್ಬನೇ. ಇನ್ನೊಬ್ಬ ಇದ್ದಾನೆ ಅನ್ನುತ್ತಾರೆ, ನಾನಂತೂ ಒಪ್ಪಿಲ್ಲ. ಶಿಕಾರಿಪುರದ ಖಾಸಗಿ ಕಾಲೇಜೊಂದರ ಜೀವಶಾಸ್ತ್ರದ ಮೇಷ್ಟ್ರು ಇದ್ದಕ್ಕಿದ್ದಂತೆ ಬಿಟ್ಟುಹೋಗಿದ್ದರು. ಆ ಜಾಗ ನನಗೆ ಬೇಕೇ ಬೇಕಿತ್ತು. ಆಡಳಿತ ಮಂಡಳಿಯ ಮುಂದೆ ಒಂದು ಪಾಠ ಮಾಡಿ ತೋರಿಸಬೇಕು. ಬೇರೆಯವರಾದರೆ ಕಪ್ಪೆಯ ಹೃದಯ ಹಿಡಿಯುತ್ತಿದ್ದರು. ನಾನು ಹಿಡಿದದ್ದು, ತುಂಡಾದ ಡಿಎನ್‌ಎಯನ್ನು ಯಾವ ದಾರಿಯಲ್ಲಿ ರಿಪೇರಿ ಮಾಡಬೇಕೆಂದು ಜೀವಕೋಶ ಹೇಗೆ ಆರಿಸುತ್ತದೆ ಎಂಬುದನ್ನು. ಸಿಕ್ಕಸಿಕ್ಕವರ ಮೇಲೆ ತಾಲೀಮು ಶುರುವಾಯಿತು.

೧. ಹರಿಕಥೆ

ಮೊದಲು ಸಿಕ್ಕವರು ನನ್ನ ಬಾಡಿಗೆ ಮನೆಯ ಅಜ್ಜಿ. ಅವರ ಹರಿಕಥೆ ಕ್ಯಾಸೆಟ್ಟಿನ ಟೇಪು ಸಿಕ್ಕಿಕೊಂಡು ತುಂಡಾಗಿತ್ತು. ಎರಡೇ ದಾರಿ ಅಜ್ಜಿ, ಅಂದೆ. ಇದರದೇ ಇನ್ನೊಂದು ಪ್ರತಿ ಇದ್ದರೆ ಅದನ್ನು ನೋಡಿ ಹೋದದ್ದನ್ನು ತುಂಬಬಹುದು. ಇಲ್ಲದಿದ್ದರೆ ನುಜ್ಜಾದ ತುದಿ ಕತ್ತರಿಸಿ ಅಂಟಿಸಬೇಕು. ಬೇಗ ಆಗುತ್ತದೆ, ಒಂದಿಷ್ಟು ಹೋಗುತ್ತದೆ. ಜೀವಕೋಶ ಮಾಡುವುದೂ ಇದನ್ನೇ ಎಂದು ವಿವರಿಸುವ ಭರದಲ್ಲಿ ನನ್ನ ಕತ್ತರಿ ಸ್ವಲ್ಪ ಧಾರಾಳವಾಯಿತು. ಅಂಟಿಸಿ ಹಾಕಿದರೆ, ಹೆಣ್ಣು ನೋಡಲು ಹೊರಟ ರಾಜಕುಮಾರ ನೇರವಾಗಿ ಮಗನನ್ನು ತೊಟ್ಟಿಲಿಗೆ ಹಾಕುತ್ತಿದ್ದಾನೆ.

ಅಜ್ಜಿ ಟೇಪ್‌ರೆಕಾರ್ಡರ್ ಆರಿಸಿ ನನ್ನ ಮುಖ ನೋಡಿದರು. "ಮದುವೀನೇ ಆಗ್ಲಿಲ್ಲಲ್ಲಪ್ಪ. ಇಂಥಾ ಕಥಿ ನಮ್ಮನ್ಯಾಗೆ ಕೇಳಬಾರದು. ತಗದುಬಿಡು."

೨. ಹೋರಿ

ಊರಿಗೆ ಹೋದರೆ ಅಲ್ಲಿ ಹೋರಿಯ ಹಗ್ಗ ಹರಿದಿತ್ತು. ಒಂದು ತುದಿ ಹಿಡಿದ ದೊಡ್ಡಪ್ಪ ಗಂಟು ಹಾಕಿ ಮುಗಿಸು ಅಂತಿದ್ದರು. ಇನ್ನೊಂದು ತುದಿ ಹಿಡಿದ ಚಿಕ್ಕಪ್ಪ ಎಳೆ ಬಿಡಿಸಿ ನೀಟಾಗಿ ಹೊಸೆಯೋಣ ಅಂತ ಬಿಡಿಸುತ್ತಲೇ ಇದ್ದರು. ಎಂಥ ಅವಕಾಶ! ಇಬ್ಬರನ್ನೂ ನಿಲ್ಲಿಸಿ ಹೇಳಿದೆ: ಜೀವಕೋಶದಲ್ಲೂ ಇದೇ ಜಗಳ. ಒಂದು ಪ್ರೋಟೀನು ತುದಿಯನ್ನು ಇದ್ದ ಹಾಗೇ ಕಾಯುತ್ತದೆ, ಇನ್ನೊಂದು ಎಳೆ ಬಿಡಿಸುತ್ತದೆ. ಉದ್ದಕ್ಕೆ ಬಿಡಿಸಿದ ಮೇಲೆ ಸುಮ್ಮನೆ ಅಂಟಿಸಲು ಬರುವುದಿಲ್ಲ, ಪ್ರತಿ ಹುಡುಕಲೇಬೇಕು.

ನಾನು ಮುಗಿಸುವಷ್ಟರಲ್ಲಿ ಹೋರಿ ಪಕ್ಕದ ಮನೆಯವರ ಭತ್ತದ ಸಸಿಮಡಿ ಮುಗಿಸಿತ್ತು. ದೊಡ್ಡಪ್ಪ ಹಗ್ಗ ಕೆಳಗಿಟ್ಟರು. "ನಿನ್ನ ಜೀವಕೋಶದೊಳಗೆ ನಿನ್ನಂಥೋನು ಒಬ್ಬನೂ ಇಲ್ಲ ಮಾರಾಯ. ಅದ್ಕೇ ಅಲ್ಲಿ ಕೆಲಸ ಆಗ್ತದೆ."

೩. ನಕಲು

ಸೊರಬದಲ್ಲಿ ಭಾನುವಾರ ಟ್ಯೂಷನ್ ಹೇಳುತ್ತಿದ್ದೆ. ಈ ಪಾಠವನ್ನೇ ಮಾಡಿ, ಮರುವಾರ ಟೆಸ್ಟ್ ಇಟ್ಟೆ. ಒಬ್ಬ ಪಕ್ಕದವನನ್ನು ನೋಡಿ ಬರೆಯುತ್ತಿದ್ದ. ಎಬ್ಬಿಸಿ ನಿಲ್ಲಿಸಿ ಬೈದೆ. ಅವನು ತಲೆ ತಗ್ಗಿಸಲೂ ಇಲ್ಲ.

"ಸಾರ್, ಮೊದಲು ಇವನೇನೂ ಬರೆದಿರ್ಲಿಲ್ಲ. ಪ್ರತಿ ಇಲ್ಲ ಅಂತ ನಂಗೆ ಗೊತ್ತಿದ್ದ ಚೂರುಪಾರನ್ನೇ ಅಂಟಿಸ್ದೆ. ಆಮೇಲೆ ಇವ್ನು ಬರೆದ, ನೋಡಿ ಸರಿ ಮಾಡ್ಕೊಂಡೆ. ಜೀವಕೋಶನೂ ತನ್ನ ಡಿಎನ್‌ಎ ನಕಲಾದ್ಮೇಲೇ ಹಾಗೆ ಮಾಡೋದು ಅಂದ್ರಲ್ಲ."

ನಾನು ಮಾಡಿದ ಪಾಠವನ್ನು ಅಷ್ಟು ಸರಿಯಾಗಿ ಹೇಳಿದವನಿಗೆ ಸೊನ್ನೆ ಹಾಕುವುದು ಹೇಗೆ? ಹಾಕಲೇಬೇಕಾಯಿತು; ಪಕ್ಕದವನು ಬರೆದಿದ್ದೂ ಪೂರ್ತಿ ತಪ್ಪು.

೪. ಮಂಡಳಿ

ಕೊನೆಗೆ ಆ ದಿನ ಬಂತು. ಅಡಿಕೆ ವ್ಯಾಪಾರದ ಅಧ್ಯಕ್ಷರು, ಪಕ್ಕದಲ್ಲಿ ಕಾರ್ಯದರ್ಶಿ, ಹಿಂದೆ ಸದಸ್ಯರು. ನಾನು ಗುಡುಗಿದೆ. ಬೋರ್ಡು ತುಂಬಿಸಿ ಅಳಿಸಿ ಮತ್ತೆ ತುಂಬಿಸಿದೆ. ಹಿಂದಿನ ಸದಸ್ಯರೊಬ್ಬರು ಗಡಿಯಾರ ನೋಡಿಕೊಂಡರು. ಕೆಲಸ ಕೈತಪ್ಪಿತು ಅಂತ ಮೊದಲ ಸಲ ಅನ್ನಿಸಿತು. ಆಗ ಅಧ್ಯಕ್ಷರು, ಪ್ರತಿ ನೋಡಿ ಮಾಡುವ ರಿಪೇರಿಯೇ ಚಲೋದಾದರೆ ಜೀವಕೋಶ ಇನ್ನೊಂದು ದಾರಿ ಯಾಕೆ ಇಟ್ಟುಕೊಂಡಿದೆ ಎಂದು ಕೇಳಿದರು.

"ಪ್ರತಿ ಸಿಗೋವರೆಗೂ ಕಾಯ್ತಾ ಕೂತರೆ ಸತ್ತೇ ಹೋಗಬಹುದು ಸಾರ್. ಕೈಗೆ ಸಿಕ್ಕಿದ್ದನ್ನ ಅಂಟಿಸಿಕೊಳ್ಳುತ್ತೆ. ತಪ್ಪಾಗಬಹುದು, ಆದ್ರೆ ಜೀವ ಉಳಿಯುತ್ತೆ."

ನನ್ನ ಪಾಠದ ತಾಕತ್ತು ನೋಡಿ: ಅಧ್ಯಕ್ಷರಿಗೆ ತಕ್ಷಣ ಪೂರ್ತಿ ಅರ್ಥವಾಯಿತು. ಕಾರ್ಯದರ್ಶಿಯತ್ತ ತಿರುಗಿದರು.

"ಹೋದ ಮೇಷ್ಟ್ರಂಥಾರು ಇನ್ನೊಬ್ರು ಎಲ್ಲಾದ್ರೂ ಸಿಕ್ಕಾರೇನ್ರೀ?"

"ಇಲ್ರೀ. ಸೋಮವಾರ ಕ್ಲಾಸ್ ಬೇರೆ ಶುರು ಐತಿ."

"ಹಂಗಾರ ಇವ್ರನ್ನ ಅಂಟಿಸಿಬಿಡ್ರಿ. ತಪ್ಪಾದ್ರೂ ಕಾಲೇಜಿನ ಜೀವ ಉಳೀತೈತಿ."